ಒಂದು ವೋಚರ್, ಎರಡು ಸರ್ಕಾರ

ಬನಶಂಕರಿ ಕಡೆಯ ಒಂದು ಸಣ್ಣ ಟ್ರಸ್ಟ್‌ನಲ್ಲಿ ನಾನು ಕೆಲವು ವರ್ಷ ಲೆಕ್ಕ ಬರೆಯುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಪಾಠ, ಆಟ, ಸಂಜೆ ತಿಂಡಿ. ಇಷ್ಟೇ ನಮ್ಮ ಕೆಲಸ. ಅಲ್ಲಿಗೆ ಪ್ರತಿ ವರ್ಷ ಜರ್ಮನಿಯಿಂದ ಒಬ್ಬಿಬ್ಬರು ಹುಡುಗ ಹುಡುಗಿಯರು ಸ್ವಯಂಸೇವೆಗೆ ಬರುತ್ತಿದ್ದರು. ಕಳಿಸುತ್ತಿದ್ದುದು ಅಲ್ಲಿನ ಒಂದು ಸಂಸ್ಥೆ. ಆದರೆ ದುಡ್ಡಿನ ದೊಡ್ಡ ಪಾಲು ಅಲ್ಲಿನ ಸರ್ಕಾರದ್ದು. 2008ರಲ್ಲಿ ಶುರುವಾದ ವೆಲ್ಟ್‌ವೆರ್ಟ್ಸ್ ಅನ್ನುವ ಕಾರ್ಯಕ್ರಮ ಅದು. ಖರ್ಚಿನಲ್ಲಿ ಶೇಕಡಾ 75ರವರೆಗೆ ಜರ್ಮನಿಯ ಅಭಿವೃದ್ಧಿ ಸಚಿವಾಲಯ ಕೊಡುತ್ತದೆ. ಉಳಿದದ್ದನ್ನು ಕಳಿಸುವ ಸಂಸ್ಥೆ ಹೊಂದಿಸಿಕೊಳ್ಳಬೇಕು.

ಇದೇನೂ ಹೊಸದಲ್ಲ. ಅಮೆರಿಕದ ಪೀಸ್ ಕೋರ್ ಹುಡುಗರು ಅರವತ್ತರ ದಶಕದಲ್ಲೇ ನಮ್ಮ ಮೈಸೂರು ರಾಜ್ಯಕ್ಕೆ ಬಂದಿದ್ದರು. ಅದು ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳಿಸಲು ಸರ್ಕಾರವೇ ನೇರವಾಗಿ ನಡೆಸುವ ಏಜೆನ್ಸಿ. ಅಮೆರಿಕದ ಸಂಸತ್ತು ವರ್ಷವರ್ಷವೂ ದುಡ್ಡು ಮಂಜೂರು ಮಾಡುತ್ತದೆ. 1976ರಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ನಮ್ಮ ಮೊದಲ ವಿದೇಶಿ ದೇಣಿಗೆ ಕಾಯ್ದೆಯೂ ಬಂತು. ಜರ್ಮನರ ದಾರಿ ಬೇರೆ. ಸರ್ಕಾರ ದುಡ್ಡು ಕೊಡುತ್ತದೆ, ಕೆಲಸ ಸಂಸ್ಥೆಗಳು ಮಾಡುತ್ತವೆ. ಹಾಗಾಗಿ ಲೆಕ್ಕ ಕೊಡುವ ಸರದಿ ಕೊನೆಗೆ ನಮ್ಮಂಥವರ ತನಕ ಬರುತ್ತದೆ.

"ಫಾರಿನ್ ದುಡ್ಡು, ನಿಮಗೇನು ಬಿಡಿ" ಎಂದು ಪಕ್ಕದವರು ಅನ್ನುತ್ತಿದ್ದರು. ನಮ್ಮ ಕೈಗೆ ಬರುತ್ತಿದ್ದುದು ಆ ಹುಡುಗರ ಊಟ, ವಸತಿ, ಪಾಕೆಟ್ ಮನಿ, ಅವರನ್ನು ನೋಡಿಕೊಳ್ಳುತ್ತಿದ್ದ ನಮ್ಮ ಮೆಂಟರ್ ಖರ್ಚು. ಅಷ್ಟಕ್ಕೇ ಎರಡು ಸರ್ಕಾರದ ಕಣ್ಣು. ಎರಡೂ ಕೇಳುವುದು ಬೇರೆ ಬೇರೆ. ಜರ್ಮನರಿಗೆ ಬೇಕಾದ್ದು ಆ ಹುಡುಗನ ಸುದ್ದಿ. ಎಲ್ಲಿ ಮಲಗುತ್ತಾನೆ, ಮೆಂಟರ್ ಯಾರು, ಇಲ್ಲಿನ ಯಾರದ್ದಾದರೂ ಕೆಲಸ ಕಿತ್ತುಕೊಂಡಿದ್ದಾನಾ? ನಮ್ಮ ಗೃಹ ಸಚಿವಾಲಯಕ್ಕೆ ಬೇಕಾದ್ದು ದುಡ್ಡಿನ ಸುದ್ದಿ. ಯಾರಿಂದ ಬಂತು, ಯಾವ ಖಾತೆಗೆ, ಆಡಳಿತಕ್ಕೆಷ್ಟು?

ಇವೆರಡಕ್ಕೂ ಬೇರೆ ಬೇರೆ ಲೆಕ್ಕ ಇಟ್ಟರೆ ಮುಗಿಯುವುದಿಲ್ಲ. ನಾನು ಪ್ರತಿ ವೋಚರ್ ಮೇಲೂ ಮೂರು ವಿಷಯ ಬರೆಯತೊಡಗಿದೆ: ಯಾವ ಸ್ವಯಂಸೇವಕರ ಖರ್ಚು, ಜರ್ಮನಿಯ ಬಜೆಟ್‌ನಲ್ಲಿ ಯಾವ ಬಾಬ್ತು, ಗೃಹ ಸಚಿವಾಲಯಕ್ಕೆ ವರ್ಷಕ್ಕೊಮ್ಮೆ ಕೊಡುವ ನಮ್ಮ ಎಫ್‌ಸಿ-4 ರಿಟರ್ನ್‌ನಲ್ಲಿ ಯಾವ ಬಾಬ್ತು. ಯಾಕೆಂದರೆ ಅವರ ಸ್ವಯಂಸೇವಾ ವರ್ಷ ಆಗಸ್ಟ್ ಸುಮಾರಿಗೆ ಶುರು, ನಮ್ಮ ಹಣಕಾಸು ವರ್ಷ ಏಪ್ರಿಲ್‌ಗೆ. ಒಬ್ಬಳೇ ಹುಡುಗಿಯ ಖರ್ಚು ನಮ್ಮ ಎರಡು ರಿಟರ್ನ್‌ಗಳಲ್ಲಿ ಹಂಚಿಹೋಗುತ್ತದೆ. ಎಕ್ಸೆಲ್‌ನಲ್ಲಿ ಈ ಮೂರು ಕಾಲಂ ಇದ್ದರೆ ಬೇಕಾದ ಹಾಗೆ ಬೇರ್ಪಡಿಸಿ ತೆಗೆಯಬಹುದು. ಡಿಸೆಂಬರ್ 31ರ ಗಡುವಿಗೆ ಎಫ್‌ಸಿ-4 ಸಲ್ಲಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ಜಾಸ್ತಿ ತಲೆ ತಿಂದದ್ದು ಬಾಡಿಗೆ ಮನೆ. ಬೆಂಗಳೂರಿನ ಅಡ್ವಾನ್ಸ್ ಪದ್ಧತಿಯನ್ನು ಜರ್ಮನಿಯವರಿಗೆ ವಿವರಿಸಿ ನೋಡಿ! ಹತ್ತು ತಿಂಗಳ ಬಾಡಿಗೆ ಮೊದಲೇ ಕೊಡಬೇಕಾ ಅಂತ ಬೆರಗಾದರು. ಅದು ವಾಪಸ್ ಬರುವ ದುಡ್ಡು, ಹಾಗಾಗಿ ಖರ್ಚು ಅಂತ ತೋರಿಸಲು ಒಪ್ಪಲಿಲ್ಲ. ಸರಿ, ಅಡ್ವಾನ್ಸನ್ನು ನಮ್ಮ ಸ್ಥಳೀಯ ದೇಣಿಗೆಯ ಖಾತೆಯಿಂದ ಕೊಟ್ಟೆವು. ಖಾಲಿ ಮಾಡುವಾಗ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಅದಕ್ಕೆ ರಸೀದಿ ಎಲ್ಲಿಂದ ತರುವುದು? ಆಮೇಲೆ ನಾವು ಮನೆ ಹಿಡಿಯುವುದನ್ನೇ ಬಿಟ್ಟು, ಪರಿಚಯದ ಕುಟುಂಬಗಳ ಮನೆಯಲ್ಲಿ ಇರಿಸತೊಡಗಿದೆವು. ತಿಂಗಳಿಗೊಂದು ರಸೀದಿ, ಬ್ಯಾಂಕ್ ಮೂಲಕ ಪಾವತಿ. ಹುಡುಗರಿಗೂ ಮನೆ ಊಟ ಸಿಕ್ಕಿತು ಅನ್ನಿ.

ವೀಸಾ ವಿಷಯ ಬೇಗ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಸೇವೆಗೆ ಟೂರಿಸ್ಟ್ ವೀಸಾ ನಡೆಯುವುದಿಲ್ಲ. ಸಂಬಳ ಇಲ್ಲದಿದ್ದರೂ ಎಂಪ್ಲಾಯ್‌ಮೆಂಟ್ ವೀಸಾನೇ ಬೇಕಿತ್ತು. ಬಂದ 24 ಗಂಟೆಯೊಳಗೆ ಮನೆಯವರು, ವಿದೇಶಿಯರು ತಮ್ಮಲ್ಲಿದ್ದಾರೆ ಅಂತ ತಿಳಿಸುವ ಸಿ ಫಾರ್ಮ್ ಹಾಕಬೇಕಿತ್ತು, 14 ದಿನದೊಳಗೆ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕಿತ್ತು. 2018ರಲ್ಲಿ ಇದು ಆನ್‌ಲೈನ್ ಆದ ಮೇಲೆ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡಕ್ಕೆ ಅಲೆಯುವುದು ಕಡಿಮೆಯಾಯಿತು.

2020 ಎರಡು ಪೆಟ್ಟು ಕೊಟ್ಟಿತು. ಮಾರ್ಚ್‌ನಲ್ಲಿ ಕೊರೊನಾ ಬಂದು ಜರ್ಮನ್ ಸಚಿವಾಲಯ ಎಲ್ಲ ದೇಶಗಳಿಂದಲೂ ತನ್ನ ಸ್ವಯಂಸೇವಕರನ್ನು ವಾಪಸ್ ಕರೆಸಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ, ಅಂದರೆ ನಮ್ಮ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ವಿದೇಶಿ ದೇಣಿಗೆ ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು ಅಂತಾಯಿತು. ಅಲ್ಲಿಂದ ನಮ್ಮ ಬೆಂಗಳೂರಿನ ಖಾತೆಗೆ ಕಳಿಸಿಕೊಳ್ಳಬಹುದು. ಬಂದ ದೇಣಿಗೆಯಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು.

20 ಅಂದರೆ ಕಷ್ಟ ಏನಿಲ್ಲ ಅನ್ನಿಸಬಹುದು. ಮೆಂಟರ್ ಸಂಬಳ ಎಲ್ಲಿಗೆ ಸೇರುತ್ತದೆ ಅನ್ನುವುದರ ಮೇಲೆ ನಿಂತಿದೆ ಅದು. ಶಾಲೆಯ ಶಿಕ್ಷಕರ, ಆಸ್ಪತ್ರೆಯ ವೈದ್ಯರ ಸಂಬಳವನ್ನು ನಿಯಮ ಆಡಳಿತ ಖರ್ಚು ಅನ್ನುವುದಿಲ್ಲ. ನಮ್ಮ ಮೆಂಟರ್ ಅರ್ಧ ದಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಉಳಿದರ್ಧ ವರದಿ, ಫೋನು, ಫೈಲು. ಅವರಿಂದ ದಿನದ ಕೆಲಸದ ಹಾಳೆ ಬರೆಸಿ, ಅದರಂತೆ ಸಂಬಳ ಭಾಗ ಮಾಡಿದೆ. ಆಡಿಟರ್ ಒಪ್ಪಿದರು. ಮೆಂಟರ್ ಗೊಣಗಿದರು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹೋಗುವ ಮುಂಚೆ ಹುಡುಗರು ಪ್ರೀತಿಯಿಂದ, "ಮಕ್ಕಳ ಟ್ರಿಪ್‌ಗೆ ಇಟ್ಟುಕೊಳ್ಳಿ ಅಕ್ಕ" ಎಂದು ರೂಪಾಯಿ ನೋಟು ಚಾಚುತ್ತಾರೆ. ಕೊಡುವವರು ವಿದೇಶಿ ಪ್ರಜೆ ಆದ್ದರಿಂದ ಆ ರೂಪಾಯಿಯೂ ವಿದೇಶಿ ದೇಣಿಗೆಯೇ. ದೆಹಲಿ ಖಾತೆಗೇ ಹೋಗಬೇಕು. ಬೇಡ ಅನ್ನುವಾಗ ಅವರ ಮುಖ ಸಣ್ಣದಾಗುತ್ತಿತ್ತು. ಅದಕ್ಕೆ ಅವರು ಬಂದ ಮೊದಲ ವಾರದಲ್ಲೇ ನಾನು ಹೇಳಿಬಿಡುತ್ತಿದ್ದೆ.

ಇಷ್ಟರ ಮೇಲೂ ಈ ಲೆಕ್ಕಗಳು ಸುಮ್ನೆ ಕಾಟ ಅಂತ ನಾನು ಹೇಳುವುದಿಲ್ಲ. ಇನ್ನೊಂದು ದೇಶದ ತೆರಿಗೆ ದುಡ್ಡು ಅಲ್ವಾ, ಕೇಳಲಿ. ನನಗೆ ಒಪ್ಪಿಗೆಯಾಗದೆ ಉಳಿದದ್ದು ತಿದ್ದುಪಡಿಯ ಇನ್ನೊಂದು ಮಾತು: ಬಂದ ವಿದೇಶಿ ದೇಣಿಗೆಯನ್ನು ಬೇರೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಕನಕಪುರ ಕಡೆಯ ನಮ್ಮ ಗೆಳೆಯರ ಸಂಸ್ಥೆಯೊಂದು ನಮ್ಮ ಮೂಲಕವೇ ಸ್ವಯಂಸೇವಕರನ್ನು ಇರಿಸಿಕೊಳ್ಳುತ್ತಿತ್ತು. ಅವರದ್ದೂ ಎಫ್‌ಸಿಆರ್‌ಎ ನೋಂದಣಿ ಇತ್ತು, ಲೆಕ್ಕವೂ ಚೊಕ್ಕ. ಆದರೂ ದಾಟಿಸುವಂತಿಲ್ಲ. ಅವರು ದೆಹಲಿಯಲ್ಲಿ ಖಾತೆ ತೆರೆದು, ಜರ್ಮನಿಯವರ ಜೊತೆ ನೇರವಾಗಿ ಪತ್ರವ್ಯವಹಾರ ಮಾಡಬೇಕಿತ್ತು. ಇಂಗ್ಲಿಷ್‌ನಲ್ಲಿ ವರದಿ ಬರೆಯುವವರು ಅವರಲ್ಲಿ ಯಾರೂ ಇರಲಿಲ್ಲ. ಸ್ವಯಂಸೇವಕರು ಮತ್ತೆ ಬರತೊಡಗಿದಾಗ ನಮ್ಮ ಕೇಂದ್ರಕ್ಕೆ ಬಂದರು. ಕನಕಪುರದ ಜಾಗ ಪಟ್ಟಿಯಿಂದ ಹೋಗಿತ್ತು.