ಅಡಿಕೆ ಹಾಳೆಯ ಯಕ್ಷಗಾನ ಕಿರೀಟ ಒಂದು ತಿರುಗಾಟ ಪೂರೈಸಿತು: ನನ್ನ ಅನುಭವ

ಈ ಸಲ ಪತ್ತನಾಜೆಗೆ ಯಕ್ಷಗಾನ ಮೇಳ ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೂರನೆಯ ದಿನ, ನಾನು ಮಾಡಿದ ಕೇಸರಿ ತಟ್ಟಿ, ಅಂದರೆ ರಾಕ್ಷಸ ವೇಷದ ಅಗಲ ಕಿರೀಟ, ಮನೆಗೆ ಮರಳಿತು. ಅಂಗಳದಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದೆ. ಎಡಗಡೆ ಎರಡು ಕಡೆ ಬೇಗಡೆಯ ಹೊಳೆಯುವ ತಗಡು ಎದ್ದಿದೆ, ಒಂದು ಕನ್ನಡಿ ಉದುರಿದೆ, ಅಷ್ಟೆ. ಸುಮಾರು 130 ಆಟ ಕಂಡ ಕಿರೀಟ ಅದು. ಬಿರುಕಿಲ್ಲ, ಬೂಸ್ಟಿಲ್ಲ, ಬಾಗಿಲ್ಲ. ಒಳಗಿರುವುದು ಮರವಲ್ಲ, ಬರಿಯ ಅಡಿಕೆ ಹಾಳೆ.

ನಾಲ್ಕು ವರ್ಷದ ಹಿಂದೆ ಈ ಮಾತು ತೆಗೆದಾಗ ವೇಷ ಕಟ್ಟುವ ಚೌಕಿಯಲ್ಲಿ ಯಾರೂ ಒಪ್ಪಲಿಲ್ಲ. ರಾಕ್ಷಸ ಪಾತ್ರದ, ಅಂದರೆ ಬಣ್ಣದ ವೇಷದ ಹಿರಿಯರೊಬ್ಬರು ಮುಖಕ್ಕೆ ಹಿಟ್ಟಿನ ಚಿಟ್ಟೆ ಇಡುತ್ತಲೇ, "ಮಹಿಷಾಸುರ ಸಭೆಯ ನಡುವಿನಿಂದ ಅಬ್ಬರಿಸಿಕೊಂಡು ಬರುವಾಗ ನಿನ್ನ ಕಿರೀಟ ದೊನ್ನೆಯ ಹಾಗೆ ಮಡಚಿಕೊಂಡರೆ ಏನು ಮಾಡುತ್ತೀ ಮಾರಾಯ?" ಎಂದು ಕೇಳಿದರು. ಅವರ ಕುತ್ತಿಗೆಗೆ ಆ ವರ್ಷ ಪಟ್ಟಿ ಬಿಗಿದಿತ್ತು. ಮರದ ಕೇಸರಿ ತಟ್ಟಿ ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ ತೂಗುತ್ತಿತ್ತು. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಳ್ಳು ಮುಳ್ಳಾಗಿ ಚಿಟ್ಟೆ ಇಟ್ಟುಕೊಳ್ಳಲು ಮೂರ್ನಾಲ್ಕು ತಾಸು ಕುಳಿತು, ಆ ಮೇಲೆ ಅಷ್ಟು ಭಾರ ಹೊತ್ತು ಬೆಳಗಿನ ಜಾವ ಹಾರಿ ಸುತ್ತಿ ದಿಗಿಣ ಹಾಕಬೇಕು. ತಲೆತಲಾಂತರದಿಂದ ತಲೆಗೆ ಹಾಳೆಯ ಟೊಪ್ಪಿ, ಮುಟ್ಟಾಳೆ ಇಟ್ಟುಕೊಂಡು ಗದ್ದೆಗಿಳಿದ ಊರು ನಮ್ಮದು. ತಲೆಗೆ ಹಾಳೆ ಆಗದು ಎಂಬ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲನೆಯದಕ್ಕೆ ಮೈದಾ ಅಂಟು ಬಳಸಿದೆ. ಚೆನ್ನಾಗಿ ಕೂತಿತು. ಅಟ್ಟದ ಮೇಲಿಟ್ಟು ಹದಿನೈದು ದಿನ ಬಿಟ್ಟು ನೋಡಿದರೆ ಇಲಿಗಳು ಪದರ ಪದರವಾಗಿ ಬಿಡಿಸಿ ಅಂಟನ್ನು ತಿಂದಿದ್ದವು. ಎರಡನೆಯದಕ್ಕೆ ಬಡಗಿಗಳ ಬಿಳಿ ಅಂಟು. ಅದು ಇಲಿಗೆ ಬೇಡವಾಯಿತು, ಆದರೆ ಮಳೆಗಾಲದಲ್ಲಿ ಹಾಳೆ ಬೂಸ್ಟು ಹಿಡಿದು ಹಸಿರಾಯಿತು. ಮೂರನೆಯದರ ಕಥೆ ಹೇಳಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತ ಮನೆಯಲ್ಲಿತ್ತು. ಬೂಸ್ಟಿಗೆ ಅದೇ ಮದ್ದು ಎಂದು ಅಂಟಿಗೆ ಬೆರೆಸಿದೆ. ಬೂಸ್ಟು ಬರಲಿಲ್ಲ ನಿಜ. ಆದರೆ ಮೇಲೆ ಹಚ್ಚಿದ ಬೇಗಡೆ ಎಂಟು ಹತ್ತು ಆಟಗಳಲ್ಲಿ ಕಪ್ಪು ಚುಕ್ಕೆಯೆದ್ದು ತೂತು ತೂತಾಯಿತು. ಬೆವರಿನ ಉಪ್ಪಿನ ಜೊತೆ ಸೇರಿದ ಮೈಲುತುತ್ತ ತೆಳು ಲೋಹದ ಹಾಳೆಯನ್ನು ತಿನ್ನುತ್ತದೆ. ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂದು ಅಪ್ಪ ಹೇಳುತ್ತಿದ್ದುದು ಆಮೇಲೆ ನೆನಪಾಯಿತು. ಅಷ್ಟು ಹೊತ್ತಿಗೆ ಬೇಗಡೆ, ಕನ್ನಡಿ, ಕೂಲಿ ಸೇರಿ 18,000 ರೂಪಾಯಿಯ ಹತ್ತಿರ ಹೋಗಿತ್ತು. ಮನೆಯಾಕೆ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ದಾರಿ ಸಿಕ್ಕಿದ್ದು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ. ಹಂಪಿ ನೋಡಲು ಹೋದವನು ಗೊಂಬೆ ಮಾಡುವ ಮನೆಯೊಂದರ ಜಗಲಿಯಲ್ಲಿ ಅರ್ಧ ದಿನ ಕುಳಿತುಬಿಟ್ಟೆ. ಅಲ್ಲಿ ಹುಣಸೆ ಬೀಜ ಅರೆದು ಕುದಿಸಿದ ಅಂಟಿಗೆ ಮರದ ಪುಡಿ ಸೇರಿಸಿದ ಕಿಟ್ಟವನ್ನು ಗೊಂಬೆಗೆ ಬಳಿಯುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ ಬಳಿದು ಬಣ್ಣಕ್ಕೆ ನುಣುಪು ಮಾಡಿಕೊಳ್ಳುತ್ತಾರೆ. ಒಣಗಿದ ಅಂಟನ್ನು ಉಗುರಿನಿಂದ ಕೆರೆದು ನೋಡಿದೆ, ಕೊಂಬಿನಂತಿತ್ತು. ಬರುವಾಗ ಐದು ಕಿಲೋ ಹುಣಸೆ ಬೀಜ ತಂದೆ.

ಈಗ ಮಾಡುವುದು ಹೀಗೆ. ಹಾಳೆ ಮಾಘ, ಫಾಲ್ಗುಣದಲ್ಲಿ ಬಿದ್ದದ್ದೇ ಆಗಬೇಕು. ಮಳೆ ತಾಗಿದ್ದನ್ನು ಮುಟ್ಟುವುದಿಲ್ಲ. ಒಂದು ರಾತ್ರಿ ನೆನೆಸಿ, ನಾರು ಅಡ್ಡ, ಉದ್ದ, ಮತ್ತೆ ಅಡ್ಡ ಬರುವಂತೆ ಮೂರು ಪದರ. ನಾರು ಒಂದೇ ದಿಕ್ಕಿಗಿದ್ದರೆ ಒಣಗುವಾಗ ಸುರುಳಿ ಸುತ್ತಿಕೊಳ್ಳುತ್ತದೆ. ತಟ್ಟಿ ಎರಡೂವರೆ ಅಡಿ ಅಗಲವಾದ್ದರಿಂದ ಜೋಡಿಸಲೇಬೇಕು, ಆದರೆ ಒಂದು ಪದರದ ಜೋಡಣೆಯ ಮೇಲೆ ಇನ್ನೊಂದರದು ಬರಬಾರದು. ಅಂಚಿಗೆ ಬೆತ್ತದ ಬಳೆ. ತಲೆಯ ಭಾಗವನ್ನು ಬೋರಲು ಮಡಕೆಯ ಮೇಲೆ ಕಟ್ಟಿ ಒಣಗಿಸುತ್ತೇನೆ, ತಟ್ಟಿಯ ಮೇಲೆ ಆರು ಮುರಕಲ್ಲು (ಕೆಂಪುಕಲ್ಲು) ಹೇರುತ್ತೇನೆ. ಹತ್ತು ಹನ್ನೆರಡು ದಿನ ನೆರಳು. ಅವಸರಕ್ಕೆ ಬಿಸಿಲಿಗಿಟ್ಟು ಎರಡು ಹಾಳುಮಾಡಿಕೊಂಡಿದ್ದೇನೆ. ಮೈಲುತುತ್ತ ನಡುವಿನ ಪದರಕ್ಕೆ ಮಾತ್ರ, ಅದೂ ಕಿಲೋ ಅಂಟಿಗೆ ಚಿಟಿಕೆಯಷ್ಟು. ಆಮೇಲೆ ಬಡಗಿಗಳು ಬಳಿಯುವ ಅರಗಿನ ಪಾಲಿಶ್ ಎರಡು ಕೈ, ಅದು ಒಣಗಿದ ಮೇಲೆಯೇ ಬೇಗಡೆ. ತಲೆ ತಾಗುವಲ್ಲಿ ದಪ್ಪ ಬಟ್ಟೆಯ ಒಳಪದರ. ಅಂಟು ಕುದಿಯುವಾಗ ನಾನು ಹಿಂಡುವ ಸೊಪ್ಪಿನ ರಸ ಯಾವುದು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕನ್ನಡಿಯ ಅಂಚಿಗೆ ತುಂಬುವ ಮೇಣದ ಹದವೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಬೆಂಕಿಯ ಪ್ರಶ್ನೆ ಕೇಳಿದವರು ಹಲವರು, ಅದು ನ್ಯಾಯವಾದ ಪ್ರಶ್ನೆ. ವೇಷ ಬರುವಾಗ ಹಿಡಿಯುವ ಪಂಜು, ಅಂದರೆ ದೊಂದಿಗೆ ರಾಳದ ಪುಡಿ ಎರಚಿದಾಗ ಕಿಡಿ ಎಲ್ಲಿಗೂ ಹಾರಬಹುದು, ಅರಗಂತೂ ಉರಿಯುವ ವಸ್ತು. ಅದಕ್ಕೇ ಬೇಗಡೆ ಇಲ್ಲದ ಹಿಂಬದಿಗೆ ಅರಗು ಬಳಿಯದೆ ಕಲ್ಲಿನ ಪುಡಿಯ ಲೇಪ ಬಳಿದೆ. ತುಂಡೊಂದನ್ನು ದೊಂದಿಯ ಪಕ್ಕ ಹಿಡಿದು ನೋಡಿದ್ದೇನೆ, ಕರಟಿತು, ಹೊತ್ತಿಕೊಳ್ಳಲಿಲ್ಲ. ಆದರೂ ದೊಂದಿ ಹಿಡಿಯುವವರಿಗೆ ಎರಡು ಮಾರು ದೂರವಿರಿ ಎಂದೇ ಹೇಳುತ್ತೇನೆ.

ನಡುವೆ ಜೀರ್ಜಿಂಬೆಯ ಹುಚ್ಚು ಹಿಡಿಯಿತು. ಬಯಲುಸೀಮೆಯ ಮಕ್ಕಳು ಬೆಂಕಿಪೊಟ್ಟಣದಲ್ಲಿ ಸಾಕುವ ಅದೇ ಹಸಿರು ಹುಳ. ಅದರ ಮೇಲ್ರೆಕ್ಕೆಯ ಹೊಳಪು ಬಣ್ಣದಿಂದ ಬಂದದ್ದಲ್ಲ, ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಬರುವಂಥದ್ದು. ಹಾಗಾಗಿ ಹುಳ ಸತ್ತ ಮೇಲೂ ಮಾಸುವುದಿಲ್ಲ. 1903ರ ದೆಹಲಿ ದರ್ಬಾರಿನಲ್ಲಿ ವೈಸರಾಯ್ ಕರ್ಜನ್ ಅವರ ಪತ್ನಿ ಉಟ್ಟ ನವಿಲುಗರಿ ವಿನ್ಯಾಸದ ಉಡುಪಿಗೆ ನಮ್ಮ ದೇಶದ ಕಸೂತಿಗಾರರು ಹೊಲಿದದ್ದು ಇಂಥ ರೆಕ್ಕೆಗಳನ್ನೇ. ನಾನು ಜೀವಂತ ಹುಳವನ್ನು ಮುಟ್ಟಲಿಲ್ಲ. ತುಮಕೂರಿನ ಕಡೆಯ ನೆಂಟರ ಮಕ್ಕಳು ಜಾಲಿಮರದ ಬುಡದಲ್ಲಿ ಉದುರಿದ್ದನ್ನು ಹೆಕ್ಕಿ 200 ಚಿಲ್ಲರೆ ರೆಕ್ಕೆ ಕಳುಹಿಸಿದರು. ಒಣಗಿದ್ದಕ್ಕೆ ಸೂಜಿ ಹಾಕಿದರೆ ಸೀಳುತ್ತದೆ. ಇಡ್ಲಿ ಪಾತ್ರೆಯ ಹಬೆಯಲ್ಲಿಟ್ಟು ಮೆತ್ತಗಾದ ಮೇಲೆ ಹೊಲಿಯಬೇಕು. ಶೂರ್ಪನಖಿಯ ಎದೆಪದಕಕ್ಕೆ ಹಚ್ಚಿದೆ. ದೊಂದಿಯ ಬೆಳಕಿನಲ್ಲಿ ಪದಕ ಉಸಿರಾಡಿದಂತೆ ಕಂಡಿತು. ವಿದ್ಯುತ್ ದೀಪದ ಕೆಳಗೆ ಅದರ ಅರ್ಧವೂ ಇಲ್ಲ. ಅದರ ಸುತ್ತ ಗುಲಗಂಜಿ ಸಾಲು. ಅದನ್ನು ಇಡಿಯಾಗಿಯೇ ಅಂಟಿಸಿ, ತೂತು ಕೊರೆಯಬೇಡಿ. ಒಳಗಿನ ಬೇಳೆ ವಿಷ, ಮಕ್ಕಳಿರುವ ಮನೆಯಲ್ಲಿ ಪುಡಿ ಹಾರಬಾರದು.

ಈಗ ಒಂದು ತಟ್ಟಿಗೆ ಸಾಮಾನು ಐದೂವರೆ ಸಾವಿರದೊಳಗೆ ಮುಗಿಯುತ್ತದೆ. ಕೆಲಸ ಇಪ್ಪತ್ತು ದಿನ. ತೂಕ ಒಂದು ಕಿಲೋ ಆರುನೂರು ಗ್ರಾಂ. 14,000 ಕೇಳುತ್ತೇನೆ, ಯಾರೂ ಚೌಕಾಸಿ ಮಾಡಿಲ್ಲ. ಮರದ ಮೇಲೆ ಕೆತ್ತಿದ ಹೂವಿನ ಆಳ ಇದಕ್ಕೆ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಎರಡನೆಯ ಸಾಲಿನಿಂದ ಹಿಂದೆ ಕುಳಿತವರಿಗೆ ಮಾತ್ರ ವ್ಯತ್ಯಾಸ ತಿಳಿಯದು.

ದೊನ್ನೆಯ ಮಾತು ಆಡಿದ ಹಿರಿಯರೇ ಈ ತಿರುಗಾಟದಲ್ಲಿ ಅದನ್ನು ಹೊತ್ತವರು. ಕಿರೀಟ ಮರಳಿಸಲು ತಾವೇ ಬಂದಿದ್ದರು. ಚಾ ಕುಡಿದು ಏಳುವಾಗ, "ಹನುಮಂತನ ಕಿರೀಟವನ್ನೂ ಹೀಗೆಯೇ ಮಾಡಬಹುದೇನು?" ಎಂದು ಕೇಳಿದರು. ಅದರ ಗುಂಡು ಬುರುಡೆಗೆ ಹಾಳೆ ನೆರಿಗೆ ಬೀಳುತ್ತದೆ, ಎರಡು ಸಲ ಸೋತಿದ್ದೇನೆ. ಮಳೆ ಹಿಡಿಯುವ ಮೊದಲೇ 40 ಹಾಳೆ ಹೆಕ್ಕಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದೇನೆ.