ಅಲಸಂದೆ ಕಾಳಲ್ಲಿ ಹುಲಿ ಎಣಿಸೋ ಪಾಠ

ಡಿಗ್ರಿ ಕಾಲೇಜಲ್ಲಿ ಬಿಎಸ್ಸಿ ಮಕ್ಕಳಿಗೆ ಇಕಾಲಜಿ ತಗೋತೀನಿ. ಮೊದಲ ಎರಡು ವರ್ಷ ಮಾರ್ಕ್-ರೀಕ್ಯಾಪ್ಚರ್ (ಒಂದಷ್ಟು ಪ್ರಾಣಿ ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದಾಗ ಎಷ್ಟಕ್ಕೆ ಗುರುತಿದೆ ಅಂತ ನೋಡಿ ಒಟ್ಟು ಸಂಖ್ಯೆ ಅಂದಾಜು ಮಾಡೋ ವಿಧಾನ) ಬಂದಾಗ ಬೋರ್ಡ್ ಮೇಲೆ ಫಾರ್ಮುಲಾ ಬರೆದು ಎರಡು ಲೆಕ್ಕ ಮಾಡ್ಸಿ ಮುಗಿಸ್ತಿದ್ದೆ, ಪರೀಕ್ಷೇಲಿ ಎಲ್ರೂ ಸರಿಯಾಗೇ ಬರೀತಿದ್ರು, ಆದ್ರೆ ವೈವಾದಲ್ಲಿ "ಪ್ರಾಣಿ ಮೇಲಿನ ಗುರುತು ಅಳಿಸಿಹೋದ್ರೆ ಉತ್ತರ ಜಾಸ್ತಿ ಬರುತ್ತೋ ಕಮ್ಮಿ ಬರುತ್ತೋ" ಅಂದ್ರೆ ಮುಖ ಮುಖ ನೋಡ್ಕೊಳ್ಳೋರು.

ಮೂರನೇ ವರ್ಷ ಅಲಸಂದೆ ಕಾಳು ತಂದೆ. ಮೂರು ಡಬ್ಬ, ಒಂದೊಂದ್ರಲ್ಲೂ 536 ಕಾಳು, ಹಿಂದಿನ ರಾತ್ರಿ ಕೂತು ಎಣಿಸಿದ್ದು (ಮನೇಲಿ ನಕ್ಕಿದ್ದೇ ನಕ್ಕಿದ್ದು). ಹುಡುಗರಿಗೆ ಸಂಖ್ಯೆ ಹೇಳ್ಲಿಲ್ಲ. 50 ಕಾಳಿಗೆ ಮಾರ್ಕರಲ್ಲಿ ಚುಕ್ಕೆ ಇಟ್ಟು ವಾಪಸ್ ಹಾಕಿ, ಆಮೇಲೆ 60 ತೆಗೀರಿ ಅಂದೆ ಅಷ್ಟೆ. ಒಂದು ಬ್ಯಾಚು ಡಬ್ಬ ಕುಲುಕಲೇ ಇಲ್ಲ, ಮೇಲಿದ್ದಿದ್ದನ್ನೇ ಬಾಚಿದ್ರು, ಚುಕ್ಕೆ ಇರೋವೇ 20 ಬಂದ್ವು, 50 ಇಂಟು 60 ಬೈ 20, ಬರೀ 150. ಇನ್ನೊಂದು ಬ್ಯಾಚು ಚೆನ್ನಾಗಿ ಕುಲುಕಿತ್ತು, 6 ಸಿಕ್ತು, ಅಂದ್ರೆ 500. ಮೂರನೆಯವರಿಗೆ ಬೆವರು ಕೈಗೆ ಮಸಿ ಅಳಿಸಿ ಬರೀ 3, ಲೆಕ್ಕ ಸೀದಾ 1000ಕ್ಕೆ ಹೋಯ್ತು. ಅಗ್ಗದ ಮಾರ್ಕರ್ ತಂದಿದ್ದು ನಾನೇ, ಆದ್ರೆ ಅವತ್ತಿಂದ ಅದೇ ಮಾರ್ಕರ್ ತರ್ತೀನಿ.

ಇಷ್ಟಾದ್ಮೇಲೆ ಹುಲಿ ಕತೆ ಹೇಳಿದೆ. 1990ರ ದಶಕದಲ್ಲಿ ನಾಗರಹೊಳೇಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ) ಇಟ್ಟು ಹುಲಿ ಅಂದಾಜು ಮಾಡಿದ್ದೂ ಇದೇ ತತ್ವದ ಮೇಲೆ, ಮಾಡೆಲ್ ಮಾತ್ರ ಇದಕ್ಕಿಂತ ತುಂಬಾ ದೊಡ್ಡದು. ಹುಲಿಗೆ ಚುಕ್ಕೆ ಇಡೋ ಗೋಜಿಲ್ಲ, ಪಟ್ಟೆನೇ ಗುರುತು, ಅಳಿಸೋದೂ ಇಲ್ಲ. ಎಡಗಡೆ ಪಟ್ಟೆ ಬಲಗಡೆ ಥರ ಇರಲ್ಲ, ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮೆರಾ.

ಆಗ ಹಿಂದಿನ ಬೆಂಚಿನ ಹುಡುಗಿ ಒಬ್ಳು, ಸೆಮಿಸ್ಟರ್ ಪೂರ್ತಿ ಬಾಯಿ ಬಿಡದೋಳು, "ಸರ್, ನಮ್ಮನೆ ಅಡಿಕೆ ಅಟ್ಟದಲ್ಲಿ ಬೋನಿಗೆ ಒಂದ್ಸಲ ಬಿದ್ದು ತಪ್ಪಿಸ್ಕೊಂಡ ಇಲಿ ಮತ್ತೆ ಆ ಕಡೆ ತಲೆ ಹಾಕಲ್ಲ, ಹಂಗಾದ್ರೆ ಲೆಕ್ಕ ಜಾಸ್ತಿ ಬರುತ್ತಲ್ವಾ?" ಅಂದ್ಲು. ಟ್ರ್ಯಾಪ್-ಶೈ (ಒಂದ್ಸಲ ಸಿಕ್ಕಿದ ಪ್ರಾಣಿ ಬೋನಿಂದ ದೂರ ಇರೋದು) ಅನ್ನೋ ಪದ ನಾನು ಇನ್ನೂ ಬೋರ್ಡ್ ಮೇಲೆ ಬರೆದೇ ಇರ್ಲಿಲ್ಲ! ನಾನು ಅರ್ಧ ಗಂಟೆ ತಗೋತಿದ್ದ ಪಾಯಿಂಟು ಅದು.

ಮಸಿ ಹತ್ತಿದ ಕಾಳು ಸಾರಿಗಂತೂ ಆಗಲ್ಲ, ಲ್ಯಾಬಲ್ಲೇ ಇಟ್ಟಿದ್ದೆ. ಈ ಸಲ ಡಬ್ಬ ತೆಗೆದ್ರೆ ಪೂರ್ತಿ ಹುಳ. ಎಸೆಯೋಕೆ ಹೋದ್ರೆ ಹುಡುಗರು ಬಿಡ್ತಿಲ್ಲ, ಹುಳಕ್ಕೆ ಚುಕ್ಕೆ ಇಡೋದು ಹೆಂಗೆ ಅಂತ ಕೂತಿದಾರೆ.