ಔಷಧಿ ಡಬ್ಬಿ ಖಾಲಿಯಾಯಿತು, ಮುಂದೆ?

ಟೊಮೆಟೊ ತೋಟವೋ ಹತ್ತಿ ಹೊಲವೋ, ಬದುವಿನ ಮೇಲೆ ಒಂದು ಸುತ್ತು ಹಾಕಿ ನೋಡಿ. ಕೀಟನಾಶಕ, ಕಳೆನಾಶಕದಂಥ ಬೆಳೆ ಔಷಧಿಯ ಮುಚ್ಚಳ ಇಲ್ಲದ ಬಾಟಲಿ, ಹರಿದ ಪುಡಿ ಪ್ಯಾಕೆಟ್, ಬಿಸಿಲಿಗೆ ಬಣ್ಣ ಹೋದ ಕ್ಯಾನ್ ಕಣ್ಣಿಗೆ ಬೀಳದ ಹೊಲ ಕಡಿಮೆ. ಕೇಳಿದರೆ "ಚೆನ್ನಾಗಿ ತೊಳೆದೇ ಎಸೀತೀವಿ ಸಾರ್" ಅನ್ನುತ್ತಾರೆ. ತೊಳೆದಿದ್ದು ಎಲ್ಲಿ? ಕಾಲುವೆಯಲ್ಲಿ ಅಥವಾ ಕೃಷಿ ಹೊಂಡದಲ್ಲಿ. ಯಾವಾಗ? ಸಂಜೆ, ಎಲ್ಲ ಕೆಲಸ ಮುಗಿದ ಮೇಲೆ. ಎರಡೂ ತಪ್ಪು. ಅದರಲ್ಲೂ ಎರಡನೆಯದು ಮೊದಲನೆಯದಕ್ಕೆ ಕಾರಣ.

ಖಾಲಿ ಡಬ್ಬಿಯ ಕೆಲಸ ಮುಗಿಯಬೇಕಾದ್ದು ಔಷಧಿಯನ್ನು ಸಿಂಪಡಿಸುವ ಪಂಪಿನ ಟ್ಯಾಂಕಿಗೆ ಸುರಿದ ಕೂಡಲೇ, ಟ್ಯಾಂಕು ತುಂಬುವ ಮೊದಲೇ. ಸಂಜೆಗೆ ಬಿಟ್ಟರೆ ಒಳಗಿನ ಪದರ ಒಣಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುತ್ತದೆ. ತೊಳೆದ ನೀರು ಹಾಕಲು ಟ್ಯಾಂಕೂ ಇರುವುದಿಲ್ಲ, ಹೊಡೆಯಲು ಬೆಳೆಯೂ ಉಳಿದಿರುವುದಿಲ್ಲ. ಮತ್ತೆಲ್ಲಿ ಚೆಲ್ಲುತ್ತೀರಿ? ಕಾಲುವೆಗೇ ಅಲ್ವಾ?

1. ಯಾವುದು ಅಪಾಯದ ಕಸ?

ಔಷಧಿ ಮುಟ್ಟಿದ್ದೆಲ್ಲ. ಬಾಟಲಿ, ಮುಚ್ಚಳ, ಬಾಯಿಯ ಸೀಲ್, ಅಳತೆಯ ಲೋಟ, ಪುಡಿ ಪ್ಯಾಕೆಟ್, ಸೋರಿದ ಔಷಧಿಯಿಂದ ನೆಂದ ರಟ್ಟಿನ ಪೆಟ್ಟಿಗೆ, ಹರಿದ ಕೈಗವಸು, ಅವಧಿ ಮುಗಿದ ಹಳೇ ಸರಕು. 2016ರ ಘನತ್ಯಾಜ್ಯ ನಿಯಮಗಳೇ ಕೀಟನಾಶಕದ ಡಬ್ಬಿಯನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದ್ದವು. ಅಂದರೆ ಪಂಚಾಯಿತಿ ಗಾಡಿಯ ಒಣಕಸಕ್ಕೆ ಇದನ್ನು ಬೆರೆಸುವ ಹಾಗಿಲ್ಲ.

ಲೇಬಲ್ ಮೇಲೆ ಮೂಲೆ ಮೇಲಾಗಿ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಅಂದರೆ ಅತಿ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. "ಹಸಿರು ಇದೆ, ಏನೂ ಆಗಲ್ಲ" ಅನ್ನುವ ಅಂಗಡಿಯವನ ಮಾತು ನಂಬಬೇಡಿ. ಆ ಬಣ್ಣ ಹೇಳುವುದು ಒಂದೇ ಸಲಕ್ಕೆ ಮೈ ಸೇರಿದರೆ ಎಷ್ಟು ಅಪಾಯ ಎಂಬುದನ್ನು. ಹೊಂಡದ ಮೀನಿಗೆ, ಜೇನುನೊಣಕ್ಕೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ.

ಲೇಬಲ್ ಕಿತ್ತುಹೋದ ಡಬ್ಬಿ ಸಿಕ್ಕರೆ ಕೆಂಪು ಎಂದೇ ಲೆಕ್ಕ ಹಾಕಿ. ಮುಚ್ಚಳ ತೆಗೆದು ಮೂಸಿ "ಇದು ಇಂಥದ್ದು" ಎಂದು ಹೇಳುವ ಜಾಣರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಕೈಗೆ ಕೊಡಬೇಡಿ.

2. ಇಡುವುದು

ಬೀಗ ಇರುವ ಪೆಟ್ಟಿಗೆ ಅಥವಾ ಬೀರು, ಮಕ್ಕಳ ಕೈಗೆ ಸಿಗದ ಜಾಗ, ಬಿತ್ತನೆ ಬೀಜ ಮತ್ತು ದನದ ಹಿಂಡಿಯಿಂದ ದೂರ. ಪುಡಿ ಮೇಲೆ, ದ್ರವ ಕೆಳಗೆ. ಸೋರಿದರೆ ಪುಡಿ ನೆನೆಯಬಾರದು. ಕಳೆನಾಶಕ ಬೇರೆ ಕಡೆ. ಸಿಟ್ಟಿನ ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಒಂದು ಜೀವ ಉಳಿಯಬಹುದು, ಬೀಗಕ್ಕೆ ಅದೂ ಒಂದು ಕಾರಣ.

ಮಾಡಲೇಬಾರದ್ದು ಒಂದಿದೆ. "ಅಣ್ಣ, ಅರ್ಧ ಲೀಟರ್ ಕಳೆ ಔಷಧಿ ಇದ್ರೆ ಕೊಡಿ" ಎಂದು ಪಕ್ಕದ ಹೊಲದವರು ನೀರಿನ ಬಾಟಲಿಯನ್ನೋ ತಂಪು ಪಾನೀಯದ ಬಾಟಲಿಯನ್ನೋ ಹಿಡಿದು ಬರುತ್ತಾರೆ. ಸುರಿದು ಕೊಡಬೇಡಿ. ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೆ ಪ್ರತಿವಿಷ ಇಲ್ಲ, ಒಂದು ಗುಟುಕು ಸಾಕು ಸಾಯಲು. ಬೇಸರ ಆದರೆ ಆಗಲಿ, ಹೊಸ ಡಬ್ಬಿ ಕೊಳ್ಳಲಿ. ಇಲ್ಲವೇ ಮೂಲ ಡಬ್ಬಿಯನ್ನೇ ಲೇಬಲ್ ಸಮೇತ ಕೊಟ್ಟುಬಿಡಿ.

3. ಮೂರು ಸಲ ಗಲಬರಿಸುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲು ಕೈ. ಕೈಗವಸು ನೈಟ್ರೈಲ್ ಎಂಬ ಕೃತಕ ರಬ್ಬರಿನದ್ದೇ ಇರಲಿ, ಮೊಣಕೈ ಹತ್ತಿರ ಬರುವಂಥದ್ದು. ಕೆಲವು ಔಷಧಿಯ ಜೊತೆ ಪುಕ್ಕಟೆ ಕೊಡುವ ತೆಳು ಪ್ಲಾಸ್ಟಿಕ್ ಚೀಲದಂಥ ಗ್ಲೌಸ್ ಮುಚ್ಚಳ ತಿರುಗಿಸುವಾಗಲೇ ಹರಿಯುತ್ತದೆ. ಬಟ್ಟೆಯದ್ದು ಇನ್ನೂ ಕೆಟ್ಟದ್ದು, ಔಷಧಿ ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಕಣ್ಣಿಗೆ ಕನ್ನಡಕ ಬೇಕು. ಕುಲುಕುವಾಗ ಸಿಡಿಯುವುದು ಮುಖಕ್ಕೇ.

ಇನ್ನು ಟ್ಯಾಂಕು. ಬೆನ್ನಿನ ಪಂಪು 16 ಲೀಟರ್‌ನದ್ದು ಎಂದುಕೊಳ್ಳಿ. ಡಬ್ಬಿ ಖಾಲಿಯಾಗುವ ಆ ಕೊನೆಯ ಟ್ಯಾಂಕಿಗೆ ನೀರನ್ನು ಅರ್ಧ ಮಾತ್ರ ತುಂಬಿ. ತೊಳೆದ ನೀರಿಗೆ ಜಾಗ ಬೇಕಲ್ಲ. ಡ್ರಮ್ಮಿನಲ್ಲಿ ಕಲಸಿ ಸ್ಪ್ರೇ ಗನ್‌ನಲ್ಲಿ ಹೊಡೆಯುವವರಿಗೂ ಇದೇ ಲೆಕ್ಕ.

ಡಬ್ಬಿಯ ಬಾಯಿಯ ಸೀಲನ್ನು ಪೂರ್ತಿ ಕಿತ್ತು ತೆಗೆಯಿರಿ. ಅರ್ಧ ಹರಿದು ನೇತಾಡಲು ಬಿಟ್ಟರೆ ಅದರ ಹಿಂದೆ ಔಷಧಿ ನಿಲ್ಲುತ್ತದೆ. ಡಬ್ಬಿ ಬಗ್ಗಿಸಿ ಸುರಿಯಿರಿ. ಧಾರೆ ನಿಂತು ಹನಿ ಬೀಳಲು ಶುರುವಾದ ಮೇಲೂ 30 ಸೆಕೆಂಡ್ ಹಾಗೇ ಹಿಡಿದಿರಿ. ಈ 30 ಸೆಕೆಂಡ್ ಯಾರಿಗೂ ಪುರುಸೊತ್ತಿಲ್ಲ! ಐದು ಲೀಟರ್ ಕ್ಯಾನ್ ಆದರೆ ಹಿಡಿಕೆ ಟೊಳ್ಳಾಗಿರುತ್ತದೆ, ಅದರೊಳಗೂ ಔಷಧಿ ಕೂತಿರುತ್ತದೆ. ಹಿಡಿಕೆ ಮೇಲಾಗುವಂತೆ ಒಮ್ಮೆ, ಪಕ್ಕಕ್ಕೆ ಹೊರಳಿಸಿ ಒಮ್ಮೆ ಬಗ್ಗಿಸಿ. ಗುಳುಕ್ ಎಂದು ಇನ್ನೊಂದಿಷ್ಟು ಬರುತ್ತದೆ, ನೋಡಿ.

ಈಗ ಡಬ್ಬಿಗೆ ಕಾಲು ಭಾಗ ಶುದ್ಧ ನೀರು ಹಾಕಿ. ಲೀಟರ್ ಬಾಟಲಿಗೆ 250 ಮಿಲಿ, ಕಾಲು ಲೀಟರ್ ಬಾಟಲಿಗೆ 60 ಮಿಲಿ ಸಾಕು. ಮುಚ್ಚಳ ಬಿಗಿ ಮಾಡಿ 30 ಸೆಕೆಂಡ್ ಕುಲುಕಿ. ಮೇಲೆ ಕೆಳಗೆ ಮಾಡಿ, ಆಮೇಲೆ ಅಡ್ಡ ಹಿಡಿದು ಉರುಳಿಸಿ. ನೀರು ಒಳಗಿನ ಎಲ್ಲ ಗೋಡೆ ಮುಟ್ಟಬೇಕು. ಆ ನೀರನ್ನು ಟ್ಯಾಂಕಿಗೇ ಸುರಿದು, ಮತ್ತೆ 30 ಸೆಕೆಂಡ್ ಹನಿಯಲು ಬಿಡಿ. ಹೀಗೆ ಮೂರು ಸಲ. ಇಸಿ ಎಂದು ಬರೆದಿರುವ ಎಣ್ಣೆಯಂಥ ಔಷಧಿಯಾದರೆ ಮೊದಲ ನೀರು ಹಾಲಿನಂತೆ ಬೆಳ್ಳಗೆ ಬರುತ್ತದೆ, ಎರಡನೆಯದು ಮಸುಕು, ಮೂರನೆಯದು ಹೆಚ್ಚುಕಡಿಮೆ ತಿಳಿ. ಮೂರನೆಯದೂ ಬೆಳ್ಳಗಿದ್ದರೆ ನೀವು ಕುಲುಕಿದ್ದು ಸಾಲದು, ನಾಲ್ಕನೇ ಸಲ ಮಾಡಿ. ಎಸ್‌ಸಿ ಎಂದು ಬರೆದಿರುವ ಗಟ್ಟಿ ಔಷಧಿ ತಳದಲ್ಲಿ ಕೆಸರಿನ ಹಾಗೆ ಕೂತಿರುತ್ತದೆ, ಅದಕ್ಕೆ ಇನ್ನೂ ಜಾಸ್ತಿ ಕುಲುಕಬೇಕು. ಮುಚ್ಚಳ ಮತ್ತು ಅಳತೆಯ ಲೋಟವನ್ನೂ ಇದೇ ನೀರಲ್ಲಿ ತೊಳೆಯಿರಿ. ಆಮೇಲೆ ಟ್ಯಾಂಕನ್ನು ಪೂರ್ತಿ ತುಂಬಿ ಬೆಳೆಗೆ ಹೊಡೆಯಿರಿ.

"ಮೂರು ಸಲ ಯಾಕೆ, ಒಂದೇ ಸಲ ಜಾಸ್ತಿ ನೀರು ಹಾಕಿ ಕುಲುಕಿದರೆ ಆಗಲ್ವಾ?" ಎಂದು ಕೇಳುವವರಿಗೆ ಒಂದು ಲೆಕ್ಕ. ಸುರಿದ ಮೇಲೆ ಲೀಟರ್ ಬಾಟಲಿಯಲ್ಲಿ 10 ಮಿಲಿ ಔಷಧಿ ಅಂಟಿದೆ ಎಂದುಕೊಳ್ಳಿ. ಪ್ರತಿ ಸಲ ತೊಳೆದಾಗಲೂ 10 ಮಿಲಿ ನೀರು ಒಳಗೇ ಉಳಿಯುತ್ತದೆ ಎಂದೂ ಹಿಡಿಯಿರಿ. ಒಂದೇ ಸಲ 750 ಮಿಲಿ ಹಾಕಿ ತೊಳೆದರೆ ಒಳಗೆ 0.13 ಮಿಲಿ ಔಷಧಿ ಉಳಿಯುತ್ತದೆ. ಅದೇ 750 ಮಿಲಿಯನ್ನು 250ರಂತೆ ಮೂರು ಸಲ ಹಾಕಿದರೆ ಉಳಿಯುವುದು 0.0006 ಮಿಲಿ. ನೀರು ಅಷ್ಟೇ, ಉಳಿಯುವ ವಿಷ ಇನ್ನೂರು ಪಟ್ಟು ಕಡಿಮೆ. ಅಂಟಿದ್ದ 10 ಮಿಲಿಯ ದುಡ್ಡೂ ಬೆಳೆಗೇ ಹೋಯಿತು. ದುಬಾರಿ ಔಷಧಿ ಕೊಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಪುಡಿ ಪ್ಯಾಕೆಟ್ಟಾದರೆ ಮೇಲ್ಭಾಗ ಪೂರ್ತಿ ಕತ್ತರಿಸಿ, ಕಲಸುವ ಬಕೆಟ್ಟಿನ ಮೇಲೆ ಹಿಡಿದು ಹೀಗೇ ತೊಳೆಯಿರಿ. ಊದಿ ಪುಡಿ ಹಾರಿಸಬೇಡಿ. ನಾಜಲ್ ಕಟ್ಟಿಕೊಂಡಾಗ ಬಾಯಿಟ್ಟು ಊದುವ ಚಟವನ್ನೂ ಬಿಡಿ, ಹಳೇ ಹಲ್ಲುಜ್ಜುವ ಬ್ರಷ್ ಸಾಕು.

4. ತೂತು

ತೊಳೆದ ಡಬ್ಬಿಯ ತಳಕ್ಕೆ ಆಗಲೇ ಎರಡು ಮೂರು ಕಡೆ ತೂತು ಹೊಡೆಯಿರಿ. "ಗಟ್ಟಿ ಡಬ್ಬಿ, ಸೀಮೆಎಣ್ಣೆಗೆ ಆಗುತ್ತೆ" ಎನ್ನುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ಇವತ್ತು ಸೀಮೆಎಣ್ಣೆ, ನಾಳೆ ಅಡುಗೆ ಎಣ್ಣೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಇತ್ತೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಎಣ್ಣೆಯನ್ನು ಕೀಟನಾಶಕದ ಹಳೇ ಡಬ್ಬಿಯಲ್ಲಿ ಇಟ್ಟಿದ್ದರು ಎಂದು ಆಗ ವರದಿಯಾಗಿತ್ತು. ಮೂರು ಸಲ ತೊಳೆದ ಡಬ್ಬಿಯೂ ಊಟ ನೀರಿಗೆ ಬರುವುದಿಲ್ಲ. ಔಷಧಿ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿದಿರುತ್ತದೆ.

5. ಸಾಗಹಾಕುವುದು

ತೂತಾದ ಡಬ್ಬಿಗಳನ್ನು ಒಂದು ಗೋಣಿಚೀಲಕ್ಕೆ ಹಾಕಿ, "ವಿಷ" ಎಂದು ದೊಡ್ಡದಾಗಿ ಬರೆದು ಬೀಗದ ಕೋಣೆಯಲ್ಲಿಡಿ. ಕೊಂಡ ಅಂಗಡಿಯಲ್ಲಿ, ಕಂಪನಿಯ ಪ್ರತಿನಿಧಿ ಬಂದಾಗ, ಪಂಚಾಯಿತಿಯಲ್ಲಿ ವಾಪಸ್ ತಗೊಳ್ತೀರಾ ಎಂದು ಕೇಳಿ. ಒಬ್ಬರೇ ಕೇಳಿದರೆ ನಕ್ಕು ಕಳಿಸುತ್ತಾರೆ, ಸಂಘದ ಕಡೆಯಿಂದ ಕೇಳಿ. ಗುಜರಿಯವನಿಗೆ ಮಾತ್ರ ಕೊಡಬೇಡಿ. ಅದು ಇನ್ಯಾವ ಬಕೆಟ್ಟಾಗಿ ಯಾರ ಮನೆ ಸೇರುತ್ತದೋ ಯಾರಿಗೆ ಗೊತ್ತು.

1971ರ ಕೀಟನಾಶಕ ನಿಯಮಗಳಲ್ಲಿ 44ನೆಯದು ಖಾಲಿ ಡಬ್ಬಿಗಳನ್ನು ಒಡೆದು ಮನೆಗಳಿಂದ ದೂರ ಹೂಳಬೇಕು ಎನ್ನುತ್ತದೆ. ನನಗೆ ಇದು ಇಷ್ಟವಿಲ್ಲ. ಮಣ್ಣಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ, ಮಲೆನಾಡು ಕರಾವಳಿಯಲ್ಲಿ ಅಗೆದಲ್ಲೇ ನೀರು. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಹೂಳಿ. ಅದೂ ತೊಳೆದು ತೂತು ಹೊಡೆದದ್ದನ್ನು, ಬಾವಿ, ಬೋರ್‌ವೆಲ್, ಕೆರೆಯಿಂದ ದೂರ, ಎತ್ತರದ ಜಾಗದಲ್ಲಿ.

ಸುಡಬಾರದು. ಬಚ್ಚಲ ಒಲೆಗೆ ಹಾಕುವುದಂತೂ ಬೇಡವೇ ಬೇಡ. ಹಂಡೆ ನೀರು ಕಾಯಿಸಲು ಇದನ್ನು ಉರಿಸುವ ಮನೆಗಳನ್ನು ಕಂಡಿದ್ದೇನೆ. ಇಂಥ ಕಸ ಸುಡುವ ಪರವಾನಗಿಯ ಕುಲುಮೆಗಳು ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುತ್ತವೆ, ಹೊಗೆಯನ್ನೂ ಶುದ್ಧ ಮಾಡುತ್ತವೆ. ಬಚ್ಚಲ ಒಲೆಯ ಹೊಗೆ ಸ್ನಾನಕ್ಕೆ ಕೂತವರ ಮೂಗಿಗೇ.

6. ಅಟ್ಟದ ಮೇಲಿನ ಹಳೇ ಸರಕು

ಅವಧಿ ಮುಗಿದದ್ದು, ಗಂಟು ಕಟ್ಟಿದ ಪುಡಿ, ಕುಲುಕಿದರೂ ಕೂಡಿಕೊಳ್ಳದೆ ಎರಡು ಪದರವಾಗಿ ನಿಂತ ದ್ರವ, ಇವು ಯಾವುವೂ ಹೊಡೆಯಲು ಬರುವುದಿಲ್ಲ. ನಿಷೇಧ ಆದದ್ದೂ ಇರಬಹುದು. ಬಿಎಚ್‌ಸಿ ಎಂಬ ಕೀಟನಾಶಕ 1997ರಲ್ಲೇ ಹೋಯಿತು. ಎಂಡೋಸಲ್ಫಾನ್ ಅನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ಆ ಔಷಧಿ ಏನು ಮಾಡಿತೆಂದು ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಊರವರನ್ನು ಕೇಳಿ. ಫೋರೇಟ್ ಹರಳು, ಟ್ರಯಾಜೋಫಾಸ್ 2020ರ ಕೊನೆಗೆ ನಿಂತವು.

ಇದಕ್ಕೆ ಮನೆಯಲ್ಲಿ ಮಾಡುವ ಚಿಕಿತ್ಸೆ ಯಾವುದೂ ಇಲ್ಲ. ಸುಣ್ಣ ಹಾಕಿದರೆ ಸಾಯುತ್ತದೆ, ಸಗಣಿ ನೀರಲ್ಲಿ ಕಲಸಿದರೆ ಹೋಗುತ್ತದೆ ಎನ್ನುವುದೆಲ್ಲ ಸುಮ್ನೆ. ಎರಡು ಔಷಧಿ ಒಂದೇ ಡಬ್ಬಿಗೆ ಸುರಿಯಬೇಡಿ. ಹಳೇ ಡಬ್ಬಿಯನ್ನು ಹಾಗೇ, ಮುಚ್ಚಳ ಇರುವ ಬಕೆಟ್ಟಿನಲ್ಲಿ ಮರದ ಹೊಟ್ಟು ಅಥವಾ ಒಣ ಮರಳಿನ ನಡುವೆ ನಿಲ್ಲಿಸಿ. ಹೆಸರು, ತಾರೀಕು ಬರೆದು ಮೇಲೆ ಅಂಟಿಸಿ. ಇಷ್ಟಿಷ್ಟಿದೆ ಎಂದು ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಪ್ರಮಾಣ ಜಾಸ್ತಿ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ಒಂದು ಅರ್ಜಿ ಹಾಕಿ. ಬಾಯಿಮಾತು ಎಲ್ಲಿಗೂ ಮುಟ್ಟುವುದಿಲ್ಲ.

ಚೆಲ್ಲಿದರೆ, ಮೈಗೆ ಬಿದ್ದರೆ

ನೆಲಕ್ಕೆ ಚೆಲ್ಲಿದರೆ ನೀರು ಸುರಿಯಬೇಡಿ, ಹರಡುತ್ತದೆ. ಒಣಮಣ್ಣೋ ಮರದ ಹೊಟ್ಟೋ ಹಾಕಿ, ಹೀರಿದ ಮೇಲೆ ಗುಡಿಸಿ ಅದೇ ವಿಷದ ಚೀಲಕ್ಕೆ ಹಾಕಿ. ಬಟ್ಟೆಗೆ ಬಿದ್ದರೆ ತಕ್ಷಣ ಬಿಚ್ಚಿ, ಚರ್ಮವನ್ನು ಸೋಪು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಆ ಬಟ್ಟೆ ಬೇರೆಯಾಗಿಯೇ ಒಗೆಯಿರಿ.

ಯಾರಾದರೂ ಕುಡಿದಿದ್ದರೆ ಉಪ್ಪು ನೀರು, ಸೋಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆ ಬೆರೆತ ಔಷಧಿ ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಅನಾಹುತ. 108ಕ್ಕೆ ಕರೆ ಮಾಡಿ. ದಿಲ್ಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಆಸ್ಪತ್ರೆಗೆ ಹೊರಡುವಾಗ ಡಬ್ಬಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಅದು ಸಾಧ್ಯವಾಗದಿದ್ದರೆ ಲೇಬಲ್‌ನ ಫೋಟೊ ಆದರೂ ಫೋನಿನಲ್ಲಿ ಇರಲಿ. ಯಾವ ಔಷಧಿ ಎಂದು ಗೊತ್ತಾದರೆ ಡಾಕ್ಟರು ಅದಕ್ಕೆ ತಕ್ಕ ಚಿಕಿತ್ಸೆಯನ್ನು ಕೂಡಲೇ ಶುರು ಮಾಡಬಹುದು.